ಮದುವೆ ಫೋಟೋಗೆ ಯಾವ ಫ್ಲ್ಯಾಶ್ ಡಿಫ್ಯೂಸರ್? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಸೀಸನ್ ಹತ್ತಿರ ಬಂತು ಅಂದರೆ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುವುದು ಇದನ್ನೇ. ಯಾವ ಡಿಫ್ಯೂಸರ್ (ಫ್ಲ್ಯಾಶಿನ ಬೆಳಕನ್ನು ಹರಡಲು ಹಾಕುವ ಸಾಮಾನು) ತಗೊಳ್ಳಲಿ? ಡೋಮಾ (ಫ್ಲ್ಯಾಶ್ ತಲೆಗೆ ಹಾಕುವ ಬಿಳಿ ಟೋಪಿ), ಸಾಫ್ಟ್‌ಬಾಕ್ಸಾ (ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ), ಬೌನ್ಸ್ ಕಾರ್ಡಾ (ಬೆಳಕನ್ನು ತಿರುಗಿಸುವ ಬಿಳಿ ಹಾಳೆ)? ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಮೊದಲು ಛತ್ರದ ಸೀಲಿಂಗ್ ನೋಡಿ, ಆಮೇಲೆ ಡಿಫ್ಯೂಸರ್ ನೋಡಿ. ಯಾಕೆ ಅಂತ ಕೆಳಗೆ ಬಿಡಿಸಿ ಬರೆದಿದ್ದೇನೆ. ಸ್ವಂತ ಫ್ಲ್ಯಾಶ್ ಒಂದು ಕೊಂಡು, ನಮ್ಮ ಕಡೆಯ ಛತ್ರಗಳಲ್ಲಿ ಮದುವೆ ತೆಗೆಯುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು ಇದು.

ಡಿಫ್ಯೂಸರ್ ಹಾಕಿದರೆ ಬೆಳಕು ಮೆತ್ತಗಾಗುತ್ತದೆ, ಅಲ್ವಾ?

ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಬೆಳಕು ಮೆತ್ತಗಾಗುವುದು ಅದು ಹೊರಡುವ ಜಾಗ ದೊಡ್ಡದಾದಾಗ. ಮೋಡ ಕವಿದ ದಿನ ಮುಖದ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ, ಯಾಕೆಂದರೆ ಆಗ ಇಡೀ ಆಕಾಶವೇ ದೀಪ. ನಿಮ್ಮ ಫ್ಲ್ಯಾಶಿನ ತಲೆ ಏಳೆಂಟು ಸೆಂಟಿಮೀಟರ್ ಅಗಲ ಇರುತ್ತದೆ. ಅದರ ಮೇಲೆ ಅಷ್ಟೇ ಅಗಲದ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿ ನೇರ ಮುಖಕ್ಕೆ ಹೊಡೆದರೆ ದೀಪದ ಅಳತೆ ಬದಲಾಗಲಿಲ್ಲ. ಮೂಗಿನ ನೆರಳು ಅಷ್ಟೇ ಗಟ್ಟಿಯಾಗಿ ಬೀಳುತ್ತದೆ. ಬೆಳಕು ಮಾತ್ರ ಕಮ್ಮಿಯಾಗುತ್ತದೆ.

ಇನ್ನೊಂದು ವಿಷಯ ದೂರ. ಫ್ಲ್ಯಾಶಿನ ಬೆಳಕು ಹರಡಲು ಸ್ಟ್ಯಾಂಡಿಗೆ ಸಿಕ್ಕಿಸುವ 90 ಸೆಂಟಿಮೀಟರಿನ ಫೋಟೋ ಕೊಡೆ ಒಂದೂವರೆ ಮೀಟರ್ ದೂರದಲ್ಲಿದ್ದರೆ ಬಹಳ ಮೆತ್ತಗಿನ ಬೆಳಕು. ಅದೇ ಕೊಡೆಯನ್ನು 6 ಮೀಟರ್ ಹಿಂದಕ್ಕೆ ಇಟ್ಟರೆ ಮದುಮಗಳ ಕಣ್ಣಿಗೆ ಅದು ಸಣ್ಣ ದೀಪ, ನೆರಳಿನ ಅಂಚು ಮತ್ತೆ ಗಟ್ಟಿಯಾಗುತ್ತದೆ. ಅಗಲ ಮತ್ತು ದೂರ, ಎರಡನ್ನೂ ಒಟ್ಟಿಗೆ ನೋಡಬೇಕು.

ಹಾಗಾದರೆ ಬಿಳಿ ಡೋಮ್ ಸುಮ್ನೆ ಮಾರ್ತಾರಾ?

ಸುಮ್ನೆ ಅಲ್ಲ. ಡೋಮ್ ಮಾಡುವ ಕೆಲಸ ಬೆಳಕನ್ನು ಎಲ್ಲಾ ದಿಕ್ಕಿಗೂ ಚೆಲ್ಲುವುದು. ಚೆಲ್ಲಿದ ಬೆಳಕು ಸೀಲಿಂಗಿಗೆ, ಗೋಡೆಗೆ ತಾಗಿ ಮುಖದ ಮೇಲೆ ವಾಪಸ್ ಬಂದಾಗ ಮೆತ್ತಗಾಗಿರುತ್ತದೆ. ಅಂದರೆ ನಿಜವಾದ ಡಿಫ್ಯೂಸರ್ ಆ ಗೋಡೆ. ಸಣ್ಣ ಕೋಣೆ, ಬಿಳಿ ಸುಣ್ಣ, ಹತ್ತಡಿ ಸೀಲಿಂಗ್ ಇದ್ದರೆ ಡೋಮ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮದುಮಗಳು ಅಲಂಕಾರ ಮಾಡಿಕೊಳ್ಳುವ ಕೋಣೆ, ಮನೆಯಲ್ಲೇ ನಡೆಯುವ ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ಇಂಥ ಕಡೆ ಡೋಮ್ ಹಾಕಿ ಧೈರ್ಯವಾಗಿ ಓಡಾಡಬಹುದು. ಯಾವ ದಿಕ್ಕಿಗೆ ತಿರುಗಿದರೂ ಬೆಳಕು ಹೆಚ್ಚು ಕಮ್ಮಿ ಒಂದೇ ಥರ ಬರುತ್ತದೆ.

ಬಯಲಲ್ಲಿ, ರಾತ್ರಿ ಹೊತ್ತು, ಸುತ್ತ ಏನೂ ಇಲ್ಲದ ಕಡೆ ಅದೇ ಡೋಮ್ ಹಾಕಿ ಹೊಡೆಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಮೇಲಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಹೋದ ಬೆಳಕು ಹೋಯಿತು ಅಷ್ಟೇ. ಬ್ಯಾಟರಿಯೂ ಅದರ ಜೊತೆ ಹೋಯಿತು.

ಛತ್ರಕ್ಕೆ ಹೋದ ಕೂಡಲೇ ಏನೇನು ನೋಡಬೇಕು?

ಸಾಧ್ಯವಾದರೆ ಹಿಂದಿನ ದಿನ ವರಪೂಜೆ ಹೊತ್ತಿಗೇ ಇದನ್ನು ಮಾಡಿ ಮುಗಿಸಿ. ಮಂಟಪದ ಮುಂದೆ ನಿಂತು ತಲೆ ಎತ್ತಿ. ಸೀಲಿಂಗ್ ಎಷ್ಟು ಎತ್ತರ? ಯಾವ ಬಣ್ಣ? ಹಳೇ ಛತ್ರಗಳಲ್ಲಿ ಹನ್ನೆರಡು ಹದಿನಾಲ್ಕು ಅಡಿ ಎತ್ತರದ ಬಿಳಿ ಸೀಲಿಂಗ್ ಇರುತ್ತದೆ. ಅದಕ್ಕಿಂತ ಒಳ್ಳೆಯ ಡಿಫ್ಯೂಸರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಕನ್ವೆನ್ಷನ್ ಹಾಲ್‌ಗಳಲ್ಲಿ ಸೀಲಿಂಗ್ ಮೂವತ್ತು ಅಡಿ ಮೇಲೆ ಹೋಗಿರಬಹುದು, ಕಪ್ಪು ಬಣ್ಣವೂ ಬಳಿದಿರಬಹುದು. ಕಪ್ಪು ಸೀಲಿಂಗ್ ಬೆಳಕನ್ನು ನುಂಗುತ್ತದೆ, ಅಲ್ಲಿಗೆ ಬೌನ್ಸ್ ಮಾಡುವ, ಅಂದರೆ ಬೆಳಕನ್ನು ಅದಕ್ಕೆ ತಾಗಿಸಿ ವಾಪಸ್ ತರುವ ಯೋಚನೆಯನ್ನೇ ಬಿಡಿ.

ಆಮೇಲೆ ಬಣ್ಣ. ಸೀಲಿಂಗಿನ ಬಣ್ಣ ಮುಖಕ್ಕೆ ಬರುತ್ತದೆ. ಕರಾವಳಿ, ಮಲೆನಾಡಿನ ಮನೆಗಳ ಹೆಂಚಿನ ಮಾಡು ಮತ್ತು ಮರದ ಜಂತಿಗೆ ಬೌನ್ಸ್ ಮಾಡಿದರೆ ಫೋಟೋ ಕೆಂಪಗೆ, ಮಂದವಾಗಿ ಬರುತ್ತದೆ. ಹಸಿರು ಗೋಡೆಗೆ ಹೊಡೆದರೆ ಮುಖದ ಒಂದು ಕೆನ್ನೆ ಹಸಿರು. ಇಡೀ ಫೋಟೋ ಒಂದೇ ಬಣ್ಣಕ್ಕೆ ತಿರುಗಿದ್ದರೆ ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್ ಸರಿಮಾಡಿ ಬಚಾವಾಗಬಹುದು. ಒಂದು ಕೆನ್ನೆ ಮಾತ್ರ ಹಸಿರಾದರೆ ಒಂದೊಂದೇ ಫೋಟೋ ಕೂತು ತಿದ್ದಬೇಕು. ಬಣ್ಣ ಬಣ್ಣದ ಶಾಮಿಯಾನ ಬಟ್ಟೆ ಇನ್ನೂ ಕಷ್ಟ, ಮೇಲೆ ಕೆಂಪು ಪಟ್ಟಿ, ಹಳದಿ ಪಟ್ಟಿ ಇದ್ದರೆ ನೀವು ನಿಂತ ಜಾಗದ ಮೇಲೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಬಿಳಿ ಬಟ್ಟೆ ಕಟ್ಟಿದ್ದರೆ ನಿಮ್ಮ ಅದೃಷ್ಟ.

ಮೂರನೆಯದು ಪಕ್ಕದ ಗೋಡೆ. ಮಂಟಪದ ಎಡಕ್ಕೋ ಬಲಕ್ಕೋ ಹದಿನೈದು ಅಡಿಯೊಳಗೆ ತಿಳಿ ಬಣ್ಣದ ಗೋಡೆ ಇದೆಯಾ ನೋಡಿ. ಇದ್ದರೆ ಸೀಲಿಂಗಿಗಿಂತ ಅದೇ ಮೇಲು. ಪಕ್ಕದಿಂದ ಬಂದ ಬೆಳಕು ಕಣ್ಣಿನ ಗುಳಿಯೊಳಗೂ ಹೋಗುತ್ತದೆ.

ಸೀಲಿಂಗ್ ಎತ್ತರ ಇದ್ದರೆ ಬೌನ್ಸ್ ಎಲ್ಲಿವರೆಗೆ ಸಾಧ್ಯ?

ಒಂದು ಸರಳ ಲೆಕ್ಕ ಹಾಕೋಣ. ಫ್ಲ್ಯಾಶ್ ಡಬ್ಬಿ ಮೇಲೆ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿ ಹೇಳುವ ಸಂಖ್ಯೆ) 60 ಅಂತ ಬರೆದಿದೆ ಅಂದುಕೊಳ್ಳಿ. ಅದು ಸಾಮಾನ್ಯವಾಗಿ ತಲೆ 200 ಎಂಎಂಗೆ ಜೂಮ್ ಆಗಿದ್ದಾಗಿನ ಸಂಖ್ಯೆ. 35 ಎಂಎಂಗೆ ಅಗಲ ಮಾಡಿದರೆ ಸುಮಾರು 36 ಅಂತ ಇಟ್ಟುಕೊಳ್ಳಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟಿಂಗ್) 100ರಲ್ಲಿ. ಐಎಸ್‌ಒ 1600ಕ್ಕೆ ಏರಿಸಿದರೆ ಇದು ನಾಲ್ಕು ಪಟ್ಟು, ಅಂದರೆ 144. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 4 ಇದ್ದರೆ 144ನ್ನು 4ರಿಂದ ಭಾಗಿಸಿ, 36 ಮೀಟರ್ ಬಂತು. ಸೀಲಿಂಗಿಗೆ ತಾಗಿ ಚದುರುವಾಗ ಎರಡು ಸ್ಟಾಪ್ ಬೆಳಕು ಹೋಗುತ್ತದೆ ಅಂದುಕೊಂಡರೆ (ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ) ಆ ದೂರ ಅರ್ಧ, 18 ಮೀಟರ್. ಬೆಳಕು ಮೇಲೆ ಹೋಗಿ ಮುಖಕ್ಕೆ ಇಳಿಯುವ ಒಟ್ಟು ದಾರಿ ಇಷ್ಟರೊಳಗೆ ಇರಬೇಕು.

ಹದಿಮೂರು ಅಡಿ, ಅಂದರೆ 4 ಮೀಟರ್ ಸೀಲಿಂಗ್ ಇದ್ದರೆ ಆ ದಾರಿ ಸುಮಾರು 6 ಮೀಟರ್. ಫುಲ್ ಪವರಿನ ಎಂಟನೇ ಒಂದು ಭಾಗ ಸಾಕು. ಇಡೀ ದಿನ ಆರಾಮಾಗಿ ಹೊಡೆಯಬಹುದು. 10 ಮೀಟರ್ ಎತ್ತರದ ಹಾಲ್ ಆದರೆ ದಾರಿಯೇ 17 ಮೀಟರ್ ಆಗುತ್ತದೆ. ಪ್ರತಿ ಸಲವೂ ಫುಲ್ ಪವರ್ ಬೇಕು. ಬ್ಯಾಟರಿ ಬೇಗ ಖಾಲಿ, ಫ್ಲ್ಯಾಶ್ ಬಿಸಿ, ಎರಡು ಕ್ಲಿಕ್ ನಡುವೆ ಕಾಯಬೇಕು. ಅಂಥ ಕಡೆ ಸೀಲಿಂಗ್ ಬಿಟ್ಟು ಗೋಡೆಗೋ ಸ್ಟ್ಯಾಂಡ್ ಮೇಲಿನ ಲೈಟಿಗೋ ಹೋಗಬೇಕು. ಇದು ಅಂದಾಜು ಲೆಕ್ಕ, ಗೋಡೆಯ ಬಣ್ಣ ನೋಡಿಕೊಂಡು ಹೆಚ್ಚು ಕಮ್ಮಿ ಆಗುತ್ತದೆ. ಆದರೆ ಛತ್ರ ನೋಡಿದ ಕೂಡಲೇ ಇಲ್ಲಿ ಬೌನ್ಸ್ ಆಗುತ್ತಾ ಇಲ್ಲವಾ ಅಂತ ಹೇಳಲು ಇಷ್ಟು ಸಾಕು.

ಫ್ಲ್ಯಾಶ್ ತಲೆಯಿಂದ ಎಳೆದರೆ ಬರುವ ಎರಡು ಪಟ್ಟಿ ಯಾತಕ್ಕೆ?

ಗೆರೆ ಗೆರೆ ಇರುವ ಪಾರದರ್ಶಕ ಪಟ್ಟಿ ವೈಡ್ ಲೆನ್ಸಿಗೆ. ಅದು ಬೆಳಕನ್ನು ಅಗಲಕ್ಕೆ ಹರಡುತ್ತದೆ, ಫೋಟೋದ ಮೂಲೆ ಕಪ್ಪಾಗುವುದಿಲ್ಲ. ಮೆತ್ತಗೆ ಮಾಡುವುದು ಅದರ ಕೆಲಸ ಅಲ್ಲ. ಚಿಕ್ಕ ಬಿಳಿ ಪಟ್ಟಿ ಕಣ್ಣಲ್ಲಿ ಹೊಳಪಿನ ಚುಕ್ಕೆ ತರಲು. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿದಾಗ ಇದನ್ನು ಎಳೆದಿಟ್ಟರೆ ಸ್ವಲ್ಪ ಬೆಳಕು ಮುಂದಕ್ಕೂ ಹೋಗುತ್ತದೆ. ತುಂಬಾ ಜನ ಇದನ್ನು ಮುಟ್ಟುವುದೇ ಇಲ್ಲ. ಮುಟ್ಟಿ.

ಜಾಸ್ತಿ ದುಡ್ಡು ಹಾಕದೆ ಏನಾದರೂ ಮಾಡಬಹುದಾ?

ಖಂಡಿತ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ಮಾರುವ ಫೋಮ್ ಶೀಟ್ ಕೇಳಿ. ಬಿಳಿ ಒಂದು, ಕಪ್ಪು ಒಂದು. ಜೊತೆಗೆ ಎರಡು ರಬ್ಬರ್ ಬ್ಯಾಂಡ್.

ಬಿಳಿ ಶೀಟನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಫ್ಲ್ಯಾಶ್ ತಲೆಯ ಹಿಂಭಾಗಕ್ಕೆ ಕಟ್ಟಿ. ತಲೆಯನ್ನು ಮೇಲಕ್ಕೆ ತಿರುಗಿಸಿ. ಮುಕ್ಕಾಲು ಪಾಲು ಬೆಳಕು ಸೀಲಿಂಗಿಗೆ ಹೋಗುತ್ತದೆ, ಉಳಿದದ್ದು ಕಾರ್ಡಿಗೆ ತಾಗಿ ಮುಖಕ್ಕೆ ಬರುತ್ತದೆ. ಕಾರ್ಡನ್ನು ಮುಂದಕ್ಕೆ ಬಗ್ಗಿಸಿದಷ್ಟೂ ಮುಂದಿನ ಬೆಳಕು ಜಾಸ್ತಿ.

ಕಪ್ಪು ಶೀಟಿನ ಕೆಲಸ ಬೇರೆ. ಅದನ್ನು ತಲೆಯ ಮುಂಭಾಗಕ್ಕೆ, ಅಂದರೆ ಮದುಮಕ್ಕಳ ಕಡೆಗೆ ಕಟ್ಟಿ. ಫ್ಲ್ಯಾಶಿನ ನೇರ ಬೆಳಕು ಅವರಿಗೆ ಒಂಚೂರೂ ತಾಗಬಾರದು. ಈಗ ಫ್ಲ್ಯಾಶನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ ಹೊಡೆಯಿರಿ. ಬರುವ ಎಲ್ಲಾ ಬೆಳಕೂ ಗೋಡೆಯಿಂದಲೇ ಬರುತ್ತದೆ. ಕಿಟಕಿ ಪಕ್ಕ ನಿಲ್ಲಿಸಿ ತೆಗೆದ ಹಾಗೆ ಮುಖಕ್ಕೆ ಒಂದು ತಿರುವು ಸಿಗುತ್ತದೆ. ಮದುಮಕ್ಕಳ ಪಕ್ಕ ನಿಂತ ನೆಂಟರ ಕಣ್ಣಿಗೂ ಹೊಡೆಯುವುದಿಲ್ಲ. ಛತ್ರದಲ್ಲಿ ಮೊದಲು ಕಲಿಯಬೇಕಾದದ್ದು ಇದೇ ಅಂತ ನನ್ನ ಅಭಿಪ್ರಾಯ, ಡೋಮ್ ಕೊಳ್ಳುವುದು ಆಮೇಲೆ.

ಧಾರೆ, ಮಾಂಗಲ್ಯ ಧಾರಣೆ ಹೊತ್ತಲ್ಲಿ ಏನು ಹಾಕಿರಬೇಕು?

ಇದೊಂದು ಹೊತ್ತನ್ನು ಮತ್ತೆ ಮಾಡಿಸಲು ಆಗುವುದಿಲ್ಲ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಅಂತರಪಟ ಹಿಡಿದಿರುವಾಗ ಬೆಳಕಿನ ಮಟ್ಟಿಗೆ ನಿಮಗೆ ಅನುಕೂಲವೇ. ಮಧ್ಯದಲ್ಲಿ ಒಂದು ಬಿಳಿ ಬಟ್ಟೆ, ಎರಡೂ ಕಡೆ ಒಂದೊಂದು ಮುಖ. ಸೀಲಿಂಗಿಗೆ ಅಥವಾ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಬೌನ್ಸ್ ಮಾಡಿದರೆ ಆ ಬಟ್ಟೆಯೇ ರಿಫ್ಲೆಕ್ಟರ್ ಆಗಿ ಇಬ್ಬರ ಮುಖಕ್ಕೂ ಬೆಳಕು ತುಂಬುತ್ತದೆ. ಬಟ್ಟೆ ಇಳಿದು ಜೀರಿಗೆ ಬೆಲ್ಲ ಹಾಕುವ ಹೊತ್ತಿಗೆ ಆ ಬೆಳಕು ಹೋಗಿಬಿಡುತ್ತದೆ. ಅರ್ಧ ಸ್ಟಾಪ್ ಏರಿಸಲು ಬೆರಳು ಸಿದ್ಧ ಇರಲಿ.

ಬಾಸಿಂಗ, ಪೇಟ ಇವೆರಡೂ ಹಣೆ ಮೇಲಿಂದ ಮುಂದಕ್ಕೆ ಚಾಚಿರುತ್ತವೆ. ಫ್ಲ್ಯಾಶನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಳಕು ತಲೆ ಮೇಲಿಂದಲೇ ಇಳಿಯುತ್ತದೆ, ಕಣ್ಣು ಎರಡೂ ಕಪ್ಪು ಗುಳಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ನಿಮ್ಮ ಹಿಂದಿನ ಸೀಲಿಂಗಿಗೆ ಹೊಡೆಯಿರಿ. ಬಿಳಿ ಕಾರ್ಡ್ ಇರಲಿ.

ಧಾರೆ ಎರೆಯುವಾಗ ಸಮಸ್ಯೆ ಬೇರೆ. ಕೈಗಳು ಕೆಳಗೆ, ತೆಂಗಿನಕಾಯಿ ಮೇಲೆ ನೀರು ಬೀಳುತ್ತಿದೆ. ಸುತ್ತ ಐದಾರು ತಲೆ ಬಗ್ಗಿವೆ. ಮೇಲಿಂದ ಬರುವ ಬೆಳಕನ್ನು ಆ ತಲೆಗಳೇ ತಡೆಯುತ್ತವೆ, ಕೈಗಳು ನೆರಳಲ್ಲಿ ಮುಳುಗುತ್ತವೆ. ಇಲ್ಲಿ ಪಕ್ಕದ ಗೋಡೆಯ ಬೆಳಕು ಅಥವಾ ಮುಂದಕ್ಕೆ ಬಗ್ಗಿಸಿದ ಕಾರ್ಡ್ ಬೇಕು. ಪಕ್ಕದಿಂದ ಬೆಳಕು ಬಂದರೆ ನೀರಿನ ಎಳೆ ಹೊಳೆಯುತ್ತಾ ಬೇರೆಯಾಗಿ ಕಾಣುತ್ತದೆ.

ಗಟ್ಟಿಮೇಳ ಶುರುವಾದ ಕೂಡಲೇ ಅಕ್ಷತೆ ಹಾರುತ್ತದೆ. ನಿಮ್ಮ ಹಿಂದಿನಿಂದಲೂ ಬರುತ್ತದೆ. ಲೆನ್ಸಿನ ಹತ್ತಿರ ಹಾರುವ ಕಾಳಿಗೆ ನೇರ ಫ್ಲ್ಯಾಶ್ ಬಡಿದರೆ ಅದು ಫೋಕಸ್ ಇಲ್ಲದ ದೊಡ್ಡ ಬಿಳಿ ಬೊಟ್ಟಾಗಿ ತಾಳಿಯ ಮೇಲೋ ಮದುಮಗಳ ಮುಖದ ಮೇಲೋ ಕೂರುತ್ತದೆ. ಫ್ಲ್ಯಾಶಿನ ಹತ್ತಿರ ಇದ್ದಷ್ಟೂ ಬೆಳಕು ಜಾಸ್ತಿ ಬೀಳುವುದರಿಂದ ಹೀಗೆ ಆಗುತ್ತದೆ. ಬೌನ್ಸ್ ಬೆಳಕಲ್ಲಿ ಹತ್ತಿರದ ಕಾಳಿಗೂ ದೂರದ ಮುಖಕ್ಕೂ ಅಷ್ಟು ವ್ಯತ್ಯಾಸ ಇರುವುದಿಲ್ಲ, ಕಾಳು ಕಾಳಾಗಿಯೇ ಕಾಣುತ್ತದೆ. ಆ ಒಂದು ನಿಮಿಷ ನೇರ ಫ್ಲ್ಯಾಶ್ ಬೇಡವೇ ಬೇಡ. ದೊಡ್ಡ ಸಾಫ್ಟ್‌ಬಾಕ್ಸನ್ನು ಕ್ಯಾಮೆರಾ ಮೇಲೆ ಸಿಕ್ಕಿಸಿಕೊಂಡು ಆ ಗುಂಪಿಗೆ ನುಗ್ಗಲೂ ಬೇಡಿ. ಅದು ಯಾರದೋ ಕೈಗೆ ತಾಗಿ ತಿರುಗುತ್ತದೆ, ಹಿಂದೆ ನಿಂತ ಅಜ್ಜಿಗೆ ಏನೂ ಕಾಣುವುದಿಲ್ಲ.

ಹೋಮದ ಹೊಗೆ ಫೋಟೋ ಹಾಳು ಮಾಡ್ತಿದೆ. ಡಿಫ್ಯೂಸರ್ ಹಾಕಿದರೆ ಸರಿಹೋಗುತ್ತಾ?

ಮುಂದಿನಿಂದ ಬರುವ ಬೆಳಕು ಎಷ್ಟೇ ಮೆತ್ತಗಿದ್ದರೂ ನಿಮಗೂ ಅವರಿಗೂ ನಡುವೆ ಇರುವ ಹೊಗೆಗೆ ತಾಗಿ ವಾಪಸ್ ಬರುತ್ತದೆ. ಫೋಟೋ ಹಾಲು ಹಾಲಾಗುತ್ತದೆ. ಬೆಳಕು ಪಕ್ಕದಿಂದ ಬರಬೇಕು, ಅಥವಾ ಫ್ಲ್ಯಾಶ್ ಆರಿಸಿ ಐಎಸ್‌ಒ ಏರಿಸಬೇಕು. ಲಾಜಾಹೋಮದ ಹೊತ್ತಿಗೆ ಬೆಂಕಿಯ ಬೆಳಕೇ ಮುಖದ ಮೇಲೆ ಆಡುತ್ತಿರುತ್ತದೆ. ಅದನ್ನು ಫ್ಲ್ಯಾಶ್ ಹಾಕಿ ಅಳಿಸಬೇಡಿ. ಪುರೋಹಿತರ ಕಣ್ಣಿಗೆ ಹತ್ತಿರದಿಂದ ಪದೇ ಪದೇ ಫ್ಲ್ಯಾಶ್ ಹೊಡೆಯುವುದೂ ಮರ್ಯಾದೆ ಅಲ್ಲ. ಅವರು ಪುಸ್ತಕ ನೋಡಿ ಮಂತ್ರ ಹೇಳುತ್ತಿರುತ್ತಾರೆ.

ಆರತಕ್ಷತೆಗೆ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಸಾಕಾ?

ಸಾಕಾಗುವುದಿಲ್ಲ. ಮೂರು ಗಂಟೆ ಕಾಲ ಅದೇ ಸ್ಟೇಜು, ಅದೇ ಜಾಗ, ಸಾಲಾಗಿ ಜನ. ಸ್ಟ್ಯಾಂಡ್ ಮೇಲೆ ಕೊಡೆಯೋ ಸಾಫ್ಟ್‌ಬಾಕ್ಸೋ ಇಡಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಮಾಮೂಲಾಗಿ ಸ್ಟೇಜಿನ ಎರಡೂ ಕಡೆ ಒಂದೊಂದು ಕೊಡೆ ಇಟ್ಟು ಎರಡಕ್ಕೂ ಒಂದೇ ಪವರ್ ಕೊಡುತ್ತಾರೆ. ಎಲ್ಲಾ ಮುಖಗಳೂ ಚಪ್ಪಟೆಯಾಗಿ, ಮೂಗಿಗೆ ಎರಡು ನೆರಳು ಬರುತ್ತದೆ. ಒಂದನ್ನು ಇನ್ನೊಂದಕ್ಕಿಂತ ಒಂದು ಸ್ಟಾಪ್ ಕಮ್ಮಿ ಮಾಡಿ ನೋಡಿ, ಮುಖಕ್ಕೆ ಆಕಾರ ಬರುತ್ತದೆ.

ದೂರದ ಲೆಕ್ಕವೂ ಮುಖ್ಯ. ಬೆಳಕಿನ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊಡೆ ಗುಂಪಿನ ಈ ತುದಿಯವರಿಗೆ 2 ಮೀಟರ್, ಆ ತುದಿಯವರಿಗೆ 4 ಮೀಟರ್ ದೂರ ಇದ್ದರೆ ಎರಡು ಸ್ಟಾಪ್ ವ್ಯತ್ಯಾಸ. ಹತ್ತಿರದ ಮಾವ ಬಿಳಿ, ದೂರದ ಸೋದರತ್ತೆ ಕಪ್ಪು. ಅದೇ ಕೊಡೆಯನ್ನು ಹಿಂದಕ್ಕೆ ತಂದು 5 ಮೀಟರ್, 7 ಮೀಟರ್ ಆಗುವ ಹಾಗೆ ಇಟ್ಟರೆ ವ್ಯತ್ಯಾಸ ಒಂದೇ ಸ್ಟಾಪ್. ಹಿಂದಕ್ಕೆ ತಂದಿದ್ದಕ್ಕೆ ಬೆಳಕು ಸ್ವಲ್ಪ ಗಟ್ಟಿಯಾಗುತ್ತದೆ, ಅದಕ್ಕೇ ದೊಡ್ಡ ಕೊಡೆ ಬೇಕು. ಬೀಗರ ಕಡೆಯವರು ಹದಿನೈದು ಜನ ಒಟ್ಟಿಗೆ ಹತ್ತುವ ಸ್ಟೇಜಿಗೆ 60 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ ಚಿಕ್ಕದಾಯಿತು. 100 ಸೆಂಟಿಮೀಟರ್ ಮೇಲಿನ ಕೊಡೆ ತಗೊಳ್ಳಿ.

ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಡಿ, ವೈರ್ ಇದ್ದರೆ ನೆಲಕ್ಕೆ ಟೇಪ್ ಹಾಕಿ. ಸೀರೆ ನೆರಿಗೆ, ಓಡಾಡುವ ಮಕ್ಕಳು, ಗಿಫ್ಟ್ ಹಿಡಿದು ಕೆಳಗೆ ನೋಡದೆ ಬರುವವರು, ಎಲ್ಲರೂ ಆ ಸ್ಟ್ಯಾಂಡ್ ಪಕ್ಕದಲ್ಲೇ ಹೋಗುತ್ತಾರೆ. ಛತ್ರದ ಫ್ಯಾನ್ ಗಾಳಿಗೂ ಕೊಡೆ ಬೀಳುತ್ತದೆ.

ಜರಿ ಸೀರೆ, ಚಿನ್ನ, ಬೆವರು. ಎಲ್ಲವೂ ಬಿಳಿ ಬಿಳಿಯಾಗಿ ಹೊಳೆಯುತ್ತೆ. ಏನು ಮಾಡೋದು?

ಹೊಳೆಯುವ ವಸ್ತು ಕನ್ನಡಿಯ ಹಾಗೆ ದೀಪವನ್ನೇ ತೋರಿಸುತ್ತದೆ. ದೀಪ ಸಣ್ಣದಿದ್ದರೆ ಹೊಳಪು ಸಣ್ಣದು ಮತ್ತು ಚುಚ್ಚುವಷ್ಟು ಜೋರು. ದೀಪ ದೊಡ್ಡದಾದರೆ ಅದೇ ಹೊಳಪು ಅಗಲಕ್ಕೆ ಹರಡಿ ಮಂದವಾಗುತ್ತದೆ. ಮೈಸೂರು ಸಿಲ್ಕಿನ ಜರಿ ಅಂಚಿಗೆ ಬರಿಯ ಫ್ಲ್ಯಾಶ್ ಹೊಡೆದರೆ ಚಿನ್ನದ ಬಣ್ಣ ಹೋಗಿ ಬಿಳಿ ಗೆರೆ ಉಳಿಯುತ್ತದೆ. ಸೀಲಿಂಗ್ ಬೌನ್ಸಿನಲ್ಲಿ ಅದೇ ಅಂಚು ಚಿನ್ನವಾಗಿ, ನೇಯ್ಗೆಯ ಎಳೆ ಸಮೇತ ಕಾಣುತ್ತದೆ. ಡೋಮ್ ಇಲ್ಲಿ ಸ್ವಲ್ಪ ಮಾತ್ರ ಸಹಾಯ ಮಾಡುತ್ತದೆ, ದೊಡ್ಡ ಮೇಲ್ಮೈಗೆ ಬೌನ್ಸ್ ಮಾಡುವುದು ತುಂಬಾ ಸಹಾಯ ಮಾಡುತ್ತದೆ.

ಬೆವರಿಗೆ ಟಿಶ್ಯೂ ಪೇಪರ್ ಜೇಬಲ್ಲಿಟ್ಟುಕೊಳ್ಳಿ. ಉಜ್ಜಬಾರದು, ಒತ್ತಿ ತೆಗೆಯಬೇಕು. ಮೇಕಪ್ ಮಾಡುವವರ ಹತ್ತಿರ ಮೊದಲೇ ಒಂದು ಮಾತು ಆಡಿ. ಕೆಲವು ಪೌಡರ್, ಸನ್‌ಸ್ಕ್ರೀನ್ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತವೆ, ನೇರ ಫ್ಲ್ಯಾಶಿಗೆ ಮುಖ ಬೂದಿ ಬಳಿದ ಹಾಗೆ ಬರುತ್ತದೆ. ಮೇಕಪ್ ಮುಗಿದ ಮೇಲೆ ಒಂದು ನೇರ ಫ್ಲ್ಯಾಶ್ ಫೋಟೋ ತೆಗೆದು ತೋರಿಸಿದರೆ ಅವರೇ ಸರಿಮಾಡುತ್ತಾರೆ.

ಮದುಮಗಳನ್ನು ಬೆಳ್ಳಗೆ ತೋರಿಸುವ ಡಿಫ್ಯೂಸರ್ ಯಾವುದು?

ಮನೆಯವರು ಕೇಳುತ್ತಾರೆ, ನಿಜ. ಆದರೆ ಅವರ ಮೈಬಣ್ಣ ಬದಲಾಯಿಸುವುದು ನಮ್ಮ ಕೆಲಸ ಅಲ್ಲ. ಬೆಳಕು ಜಾಸ್ತಿ ಸುರಿದರೆ ಮುಖದ ಆಕಾರ ಹೋಗುತ್ತದೆ, ಸೀರೆಯ ಬಣ್ಣ ಹೋಗುತ್ತದೆ, ಅವರು ಅವರ ಹಾಗೆ ಕಾಣುವುದಿಲ್ಲ. ಎಣ್ಣೆಗೆಂಪು, ಕಪ್ಪು ಮೈಬಣ್ಣಕ್ಕೆ ಪಕ್ಕದಿಂದ ಬರುವ ಅಗಲವಾದ ಬೆಳಕು ಬಹಳ ಚಂದ. ಕೆನ್ನೆ, ಗಲ್ಲದ ಮೇಲೆ ಹೊಳಪು ನಯವಾಗಿ ಜಾರುತ್ತದೆ. ಹಾಗೆ ತೆಗೆದ ಒಂದು ಫೋಟೋ ಕ್ಯಾಮೆರಾ ಹಿಂದೆ ತೋರಿಸಿ, ಮನೆಯವರು ಒಪ್ಪುತ್ತಾರೆ.

ಕನ್ನಡಕದಲ್ಲಿ ಫ್ಲ್ಯಾಶ್ ಕಾಣುತ್ತೆ.

ಬೆಳಕಿನ ದಿಕ್ಕು ಬದಲಾಯಿಸಿ. ಪಕ್ಕಕ್ಕೆ ಅಥವಾ ಹಿಂದಕ್ಕೆ ಬೌನ್ಸ್ ಮಾಡಿ. ಆಗಲೂ ಕಂಡರೆ ಗಲ್ಲ ಒಂಚೂರು ಕೆಳಗೆ ಮಾಡಲು ಹೇಳಿ. ದೊಡ್ಡ ಸಾಫ್ಟ್‌ಬಾಕ್ಸ್ ಮುಂದೆ ಇಟ್ಟರೆ ಕನ್ನಡಕದಲ್ಲಿ ದೊಡ್ಡ ಬಿಳಿ ಚೌಕ ಬರುತ್ತದೆ, ಅದನ್ನು ಎತ್ತರಕ್ಕೆ ಏರಿಸಬೇಕು.

ಛತ್ರದ ಹಳದಿ ಲೈಟು, ಫ್ಲ್ಯಾಶಿನ ಬಿಳಿ ಬೆಳಕು. ಎರಡೂ ಸೇರಿ ಬಣ್ಣ ಕೆಡುತ್ತೆ.

ಫ್ಲ್ಯಾಶಿನ ಬೆಳಕು ಸುಮಾರು 5600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ). ವಾರ್ಮ್ ವೈಟ್ ದೀಪಗಳು 3000 ಆಸುಪಾಸು. ಹಾಗಾಗಿ ಮುಖ ಸರಿಯಾಗಿ ಬಂದರೆ ಹಿಂದಿನ ಹೂವಿನ ಅಲಂಕಾರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಬೇಕು. ಸಿಟಿಒ ಅಂತ ಕೇಳಿ. ಫುಲ್ ಸಿಟಿಒ ಫ್ಲ್ಯಾಶನ್ನು 3200 ಕೆಲ್ವಿನ್ ಹತ್ತಿರ ತರುತ್ತದೆ, ಹಾಫ್ ಸಿಟಿಒ 3800 ಹತ್ತಿರ. ನನಗೆ ಹಾಫ್ ಇಷ್ಟ. ಹಿನ್ನೆಲೆಯಲ್ಲಿ ಸ್ವಲ್ಪ ಬಿಸಿ ಬಣ್ಣ ಉಳಿದರೆ ಮದುವೆ ಮನೆ ಅನ್ನಿಸುತ್ತದೆ. ಜೆಲ್ಲನ್ನು ಡೋಮಿನ ಒಳಗೆ, ಫ್ಲ್ಯಾಶ್ ತಲೆಗೆ ತಾಗುವ ಹಾಗೆ ಹಾಕಿ.

ವಿಡಿಯೋದವರ ಲೈಟ್ ಇದ್ದೇ ಇರುತ್ತಲ್ಲ, ಫ್ಲ್ಯಾಶ್ ಯಾಕೆ ಬೇಕು?

ಅದು ಇದ್ದರೆ ಕೆಲವು ಸಲ ಬೇಕಾಗುವುದಿಲ್ಲ. ಆದರೆ ಆ ಲೈಟ್ ಯಾವಾಗ ಎಲ್ಲಿಗೆ ತಿರುಗುತ್ತದೆ ಅನ್ನುವುದು ನಿಮ್ಮ ಕೈಲಿಲ್ಲ. ಬೆಳಿಗ್ಗೆಯೇ ಅವರ ಹತ್ತಿರ ಮಾತಾಡಿಕೊಳ್ಳಿ, ಲೈಟ್ ಯಾವ ಕಡೆ ನಿಲ್ಲಿಸುತ್ತೀರಿ ಅಂತ ಕೇಳಿ. ಅವರ ಲೈಟ್ ಎಡಕ್ಕಿದ್ದರೆ ನಿಮ್ಮ ಬೌನ್ಸ್ ಕೂಡ ಎಡಕ್ಕೇ ಇರಲಿ.

ಸ್ಟೇಜ್ ಹಿಂದೆ ಎಲ್‌ಇಡಿ ಪರದೆ, ಅಗ್ಗದ ಎಲ್‌ಇಡಿ ದೀಪ ಇದ್ದರೆ ಶಟರ್ ವೇಗ ಜಾಸ್ತಿ ಇಟ್ಟಾಗ ಪಟ್ಟೆ ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/100ಕ್ಕೋ 1/50ಕ್ಕೋ ಇಳಿಸಿ ನೋಡಿ. ಎಲ್‌ಇಡಿ ಪರದೆ ತನ್ನದೇ ವೇಗದಲ್ಲಿ ಮಿನುಗುತ್ತದೆ, ಅದಕ್ಕೆ ಒಂದೆರಡು ಟೆಸ್ಟ್ ಫೋಟೋ ಬೇಕು.

ತೋಟದಲ್ಲಿ, ರೆಸಾರ್ಟಲ್ಲಿ ಮದುವೆ. ಸೀಲಿಂಗೇ ಇಲ್ಲ. ಆಗ?

ಇಲ್ಲಿ ದೊಡ್ಡ ಡಿಫ್ಯೂಸರ್ ನಿಜವಾಗಿ ಬೇಕು, ಯಾಕೆಂದರೆ ಬೌನ್ಸ್ ಮಾಡಲು ಏನೂ ಇಲ್ಲ. ಸಕಲೇಶಪುರ, ಚಿಕ್ಕಮಗಳೂರು ಕಡೆ ಸಂಜೆ ಮದುವೆ ಇದ್ದರೆ ಅಸಿಸ್ಟೆಂಟ್ ಒಬ್ಬರನ್ನು ಕರೆದುಕೊಂಡು ಹೋಗಿ. ಒಂದು ಕೋಲಿಗೆ ಫ್ಲ್ಯಾಶ್ ಕಟ್ಟಿ, ಮುಂದೆ 60 ಸೆಂಟಿಮೀಟರಿನ ಮಡಚುವ ಸಾಫ್ಟ್‌ಬಾಕ್ಸ್ ಹಾಕಿ, ಮದುಮಕ್ಕಳ ಒಂದೂವರೆ ಮೀಟರ್ ಹತ್ತಿರ, ಕಣ್ಣಿಗಿಂತ ಸ್ವಲ್ಪ ಮೇಲೆ ಹಿಡಿಯಲು ಹೇಳಿ. ಗಾಳಿ ಇದ್ದರೆ ಸ್ಟ್ಯಾಂಡಿಗಿಂತ ಕೈಯೇ ವಾಸಿ. ದೂರದ ಫ್ಲ್ಯಾಶನ್ನು ಕ್ಯಾಮೆರಾದಿಂದ ಹೊಡೆಸುವ ಟ್ರಿಗರ್ ರೇಡಿಯೋದ್ದೇ ಇರಲಿ. ಬೇರೆ ಫ್ಲ್ಯಾಶ್ ಬೆಳಕು ಕಂಡ ಕೂಡಲೇ ಹೊಡೆಯುವ ಆಪ್ಟಿಕಲ್ ಸ್ಲೇವ್ ಮೋಡ್‌ನಲ್ಲಿ ಇಟ್ಟರೆ ಯಾವುದೋ ನೆಂಟರ ಕ್ಯಾಮೆರಾ ಫ್ಲ್ಯಾಶಿಗೂ ನಿಮ್ಮದು ಹೊಡೆದುಬಿಡುತ್ತದೆ. ಇಬ್ಬರು ಮೂವರು ಫೋಟೋಗ್ರಾಫರ್‌ಗಳು ಒಂದೇ ಕಂಪನಿಯ ಟ್ರಿಗರ್ ಇಟ್ಟುಕೊಂಡಿದ್ದರೆ ಚಾನಲ್ ಬದಲಾಯಿಸಿಕೊಳ್ಳಿ.

ಹಗಲು ಬಿಸಿಲಲ್ಲಿ ಫ್ಲ್ಯಾಶ್ ಬರಿಯ ನೆರಳು ತುಂಬಲು. ಶಟರ್ 1/200 ಅಥವಾ 1/250 ದಾಟಿದರೆ ಹೈ ಸ್ಪೀಡ್ ಸಿಂಕ್ (ಆ ವೇಗದಲ್ಲೂ ಫ್ಲ್ಯಾಶ್ ಹೊಡೆಯುವ ಮೋಡ್) ಬೇಕು. ಅದು ಬಹಳ ಬೆಳಕು ತಿನ್ನುತ್ತದೆ. ಅದರ ಮೇಲೆ ಡೋಮ್ ಬೇರೆ ಹಾಕಿದರೆ ಮುಖಕ್ಕೆ ಏನೂ ಉಳಿಯುವುದಿಲ್ಲ.

ಡಿಫ್ಯೂಸರ್ ಹಾಕಿದರೆ ಬ್ಯಾಟರಿ ಎಷ್ಟು ಜಾಸ್ತಿ ಬೇಕು?

ಡೋಮ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಒಂದೂವರೆ ಸ್ಟಾಪ್ ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು ಶಕ್ತಿ. ಗೋಡಾಕ್ಸ್ ವಿ1, ವಿ860 III ಥರದ ಲಿಥಿಯಂ ಬ್ಯಾಟರಿ ಫ್ಲ್ಯಾಶ್‌ಗಳಿಗೆ ಕಂಪನಿ ಹೇಳುವುದು ಫುಲ್ ಪವರಲ್ಲಿ ಸುಮಾರು 480 ಸಲ. ಮದುವೆಗೆ ಒಂದು ಬ್ಯಾಟರಿ ಸಾಲದು, ಇನ್ನೊಂದು ಚಾರ್ಜ್ ಆಗಿರಲಿ. ಸೆಲ್ ಹಾಕುವ ಫ್ಲ್ಯಾಶ್ ಇದ್ದರೆ ಒಳ್ಳೆಯ ರೀಚಾರ್ಜ್ ಸೆಲ್ ಮೂರು ಸೆಟ್ ಇಡಿ. ಡೋಮ್ ಮುಚ್ಚಿಕೊಂಡು ಫುಲ್ ಪವರಲ್ಲಿ ಒಂದೇ ಸಮನೆ ಹೊಡೆದರೆ ತಲೆ ಬಿಸಿಯಾಗಿ ಫ್ಲ್ಯಾಶ್ ತಾನೇ ನಿಧಾನವಾಗುತ್ತದೆ. ಜೆಲ್ ಸುರುಟಿಕೊಳ್ಳುತ್ತದೆ. ಹಳೇ ಪ್ಲಾಸ್ಟಿಕ್ ಡೋಮ್ ಹಳದಿಯಾಗಿದ್ದರೆ ಬದಲಾಯಿಸಿ, ಆ ಹಳದಿ ಫೋಟೋಗೂ ಬರುತ್ತದೆ.

ಯಾವ ಕಂಪನಿಯದ್ದು ತಗೊಳ್ಳಲಿ? ಒಂದರದ್ದು ಇನ್ನೊಂದಕ್ಕೆ ಕೂರುತ್ತಾ?

ಗಟ್ಟಿ ಪ್ಲಾಸ್ಟಿಕ್ ಡೋಮ್‌ಗಳು ಒಂದೊಂದು ಮಾಡೆಲಿಗೆ ಒಂದೊಂದು ಅಳತೆ. ಅಂಗಡಿಗೆ ಫ್ಲ್ಯಾಶ್ ತಗೊಂಡೇ ಹೋಗಿ. ಗೋಡಾಕ್ಸ್ ವಿ1ರದ್ದು ದುಂಡು ತಲೆ, ಅದಕ್ಕೆ ಅಯಸ್ಕಾಂತದಿಂದ ಅಂಟುವ ಡೋಮ್, ಜೆಲ್, ಗ್ರಿಡ್ (ಬೆಳಕು ಹರಡದಂತೆ ತಡೆಯುವ ಜಾಲರಿ) ಸೆಟ್ ಸಿಗುತ್ತದೆ. ಅದು ಚೌಕ ತಲೆಯ ವಿ860ಕ್ಕೆ ಹಾಗೇ ಕೂರುವುದಿಲ್ಲ. ಮ್ಯಾಗ್‌ಮಾಡ್‌ನವರದ್ದು ಸಿಲಿಕೋನ್ ಪಟ್ಟಿಯಿಂದ ಬಿಗಿಯುವುದರಿಂದ ಮಾಮೂಲಿ ಚೌಕ ತಲೆಯ ಫ್ಲ್ಯಾಶ್‌ಗಳಿಗೆ ಹೊಂದುತ್ತದೆ, ಬೆಲೆ ಜಾಸ್ತಿ. ಗ್ಯಾರಿ ಫಾಂಗ್ ಲೈಟ್‌ಸ್ಫಿಯರ್ ದೊಡ್ಡದು, ಸಣ್ಣ ಕೋಣೆಗೆ ಚೆನ್ನ, ಬ್ಯಾಗಲ್ಲಿ ಜಾಗ ತಿನ್ನುತ್ತದೆ. ನಿಕಾನ್‌ನ ದೊಡ್ಡ ಫ್ಲ್ಯಾಶ್‌ಗಳ ಜೊತೆ ಡೋಮ್ ಡಬ್ಬಿಯಲ್ಲೇ ಬರುತ್ತದೆ, ಕೊಳ್ಳುವ ಮುಂಚೆ ಡಬ್ಬಿ ತೆಗೆದು ನೋಡಿ.

ಟಿಟಿಎಲ್ ಇಡಲಾ, ಮ್ಯಾನ್ಯುವಲ್ ಇಡಲಾ?

ಟಿಟಿಎಲ್ ಅಂದರೆ ಫ್ಲ್ಯಾಶಿನ ಪವರನ್ನು ಕ್ಯಾಮೆರಾವೇ ಅಳೆದು ಇಡುವುದು, ಮ್ಯಾನ್ಯುವಲ್ ಅಂದರೆ ನೀವೇ ಇಡುವುದು. ಓಡಾಡುತ್ತಾ ತೆಗೆಯುವಾಗ ಟಿಟಿಎಲ್, ಸ್ಟೇಜಿಗೆ ಮ್ಯಾನ್ಯುವಲ್. ಟಿಟಿಎಲ್ ಬಟ್ಟೆಯ ಬಣ್ಣಕ್ಕೆ ಮೋಸ ಹೋಗುತ್ತದೆ ಅನ್ನುವುದು ನೆನಪಿರಲಿ. ಕೊಡವ ಮದುವೆಯಲ್ಲಿ ಮದುಮಗ ಬಿಳಿ ಕುಪ್ಯ (ಕೊಡವರ ಉದ್ದ ನಿಲುವಂಗಿ), ಸುತ್ತ ನಿಂತ ಗಂಡಸರು ಕಪ್ಪು ಕುಪ್ಯ. ಮದುಮಗ ಒಬ್ಬರೇ ಫ್ರೇಮ್ ತುಂಬಿದರೆ ಫೋಟೋ ಕಪ್ಪಾಗುತ್ತದೆ, ಫ್ಲ್ಯಾಶ್ ಕಾಂಪನ್ಸೇಷನ್ (ಟಿಟಿಎಲ್ ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ಸೆಟಿಂಗ್) ಮುಕ್ಕಾಲು ಸ್ಟಾಪ್ ಏರಿಸಿ. ಕಪ್ಪು ಕುಪ್ಯದವರ ಗುಂಪು ಬಂದರೆ ಅಷ್ಟೇ ಇಳಿಸಿ.

ಒಂದೇ ಒಂದು ಕೊಳ್ಳುವಷ್ಟು ದುಡ್ಡಿದೆ. ಯಾವುದು?

ದುಡ್ಡು ಕೈಲಿದ್ದರೆ ಮೊದಲು ಒಂದು ದೊಡ್ಡ ಕೊಡೆ, ಒಂದು ಸ್ಟ್ಯಾಂಡ್, ಒಂದು ರೇಡಿಯೋ ಟ್ರಿಗರ್. ಕ್ಯಾಮೆರಾ ಮೇಲಿನ ಫ್ಲ್ಯಾಶಿಗೆ ಆ ಫೋಮ್ ಶೀಟುಗಳೇ ಸಾಕು. ಡೋಮ್ ಮೂರನೇ ಸ್ಥಾನ. ಮನೆ ಶಾಸ್ತ್ರಗಳ ಕೆಲಸ ಜಾಸ್ತಿ ಬರುತ್ತದೆ ಅಂದರೆ ಮಾತ್ರ ಅದನ್ನು ಮುಂದಕ್ಕೆ ತನ್ನಿ.

ಹೊಸದನ್ನು ನೇರ ಮದುವೆಗೇ ತಗೊಂಡು ಹೋಗಬಹುದಾ?

ಬೇಡ. ಮನೆಯಲ್ಲಿ ಯಾರಾದರೂ ಒಬ್ಬರನ್ನು ಜರಿ ಸೀರೆ ಉಡಿಸಿ, ಒಡವೆ ಹಾಕಿಸಿ ಕುರ್ಚಿ ಮೇಲೆ ಕೂರಿಸಿ. ಕನ್ನಡಕ ಇರುವವರಾದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಜಾಗ ಬದಲಾಯಿಸದೆ ಬರಿಯ ಫ್ಲ್ಯಾಶ್, ಡೋಮ್ ಹಾಕಿ ನೇರ, ಡೋಮ್ ಹಾಕಿ ಮೇಲಕ್ಕೆ, ಬಿಳಿ ಕಾರ್ಡ್, ಕಪ್ಪು ಶೀಟ್ ಹಾಕಿ ಗೋಡೆಗೆ, ಹೀಗೆ ಒಂದೊಂದು ತೆಗೆಯಿರಿ. ದೊಡ್ಡ ಪರದೆ ಮೇಲೆ ಪಕ್ಕ ಪಕ್ಕ ಇಟ್ಟು ಮೂಗಿನ ನೆರಳಿನ ಅಂಚು, ಜರಿಯ ಬಣ್ಣ, ಕಣ್ಣಿನ ಹೊಳಪು, ಈ ಮೂರನ್ನು ನೋಡಿ. ಆಮೇಲೆ ಅದನ್ನೇ ರಾತ್ರಿ ಮಹಡಿ ಮೇಲೆ, ಆಕಾಶದ ಕೆಳಗೆ ತೆಗೆಯಿರಿ. ಎರಡರಲ್ಲೂ ನಿಮಗೆ ಇಷ್ಟವಾದ ಫೋಟೋ ಯಾವ ಸೆಟಿಂಗಿನದ್ದು ಅಂತ ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಬ್ಯಾಗಿನ ಮುಚ್ಚಳದ ಒಳಗೆ ಅಂಟಿಸಿ.